ಕಣ್ಣಳತೆ

ನಮ್ಮ ಗ್ಯಾರೇಜಿನಲ್ಲಿ ಒಂದು ಅಳತೆಯ ಲೋಟ ಇದೆ. ಗೋಡೆಯ ಮೊಳೆಗೆ ನೇತುಹಾಕಿದ್ದಾರೆ. ಬಣ್ಣ ತೆಳುವಾಗಲು ಥಿನ್ನರ್ ಎಷ್ಟು, ಅದು ಗಟ್ಟಿಯಾಗಲು ಹಾರ್ಡನರ್ ಎಷ್ಟು ಎಂದು ಮೈತುಂಬ ಗೆರೆ ಎಳೆದಿರುವ ಲೋಟ. ಅದರ ತಳದಲ್ಲಿ ಈಗ ಜೇಡ ಸಂಸಾರ ಹೂಡಿದೆ. ಹೊಸದಾಗಿ ಸೇರಿದವರು ಯಾರಾದರೂ ಅದಕ್ಕೆ ಕೈ ಹಾಕಿದರೆ ಎಲ್ಲರೂ ನಗುತ್ತಾರೆ. ಏಳು ವರ್ಷದಿಂದ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ, ನಾನು ಅದನ್ನು ಮುಟ್ಟಿದವನಲ್ಲ. ಡಬ್ಬಿ ಬಗ್ಗಿಸುತ್ತೇನೆ, ಕಡ್ಡಿಯಲ್ಲಿ ಕಲಕುತ್ತೇನೆ, ಕಡ್ಡಿಯ ತುದಿಯಿಂದ ಬಣ್ಣ ಇಳಿಯುವುದನ್ನು ನೋಡಿ ಸಾಕೋ ಬೇಕೋ ಹೇಳುತ್ತೇನೆ. ಮೋಡ ಇದ್ದರೆ ಹಾರ್ಡನರ್ ಸ್ವಲ್ಪ ಜಾಸ್ತಿ. ಒಣಗಲು ತಡ ಮಾಡುತ್ತಿದೆಯೇ, ಮುಂದಿನ ಸಲ ಇನ್ನೊಂದಿಷ್ಟು. ನಮ್ಮ ಮೇಸ್ತ್ರಿ ಗಿರಾಕಿಗಳ ಮುಂದೆ "ಇವನಿಗೆ ಕಣ್ಣೇ ಅಳತೆ" ಎಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಸರ್ಟಿಫಿಕೇಟು ಅಂತ ಇದ್ದದ್ದು ಆ ಒಂದು ಮಾತು.

ಆ ಕಣ್ಣಿನಿಂದಲೇ ನಾನು ಅಣ್ಣನ ಟೀಗೆ ಔಷಧಿ ಹಾಕಿದೆ.

ಅಣ್ಣನಿಗೆ ಮನಸ್ಸಿನ ಕಾಯಿಲೆ. ಅದಕ್ಕೆ ಮುಂಚೆ ಅವನು ನಂಬರ್ ಪ್ಲೇಟು, ಅಂಗಡಿಯ ಬೋರ್ಡು ಬರೆಯುತ್ತಿದ್ದ. ಬ್ರಷ್ ಹಿಡಿದು ಕೂತರೆ ಕೈ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಬ್ರಷ್ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ನನಗೆ ಕಲಿಸಿದವನು ಅವನೇ. ಒಂದು ದಿನ ಎದುರು ಮನೆಯ ಬಾಲ್ಕನಿಯವರು ತನ್ನ ಬಗ್ಗೆ ಏನೋ ಮಾತಾಡಿಕೊಳ್ಳುತ್ತಿದ್ದಾರೆ ಎಂದ. ಮರುವಾರ ಅವರು ಬಿಡುವೇ ಇಲ್ಲದೆ ಮಾತಾಡುತ್ತಿದ್ದಾರೆ ಎಂದ. ನಾನು ಹೋಗಿ ನೋಡಿದೆ. ಆ ಬಾಲ್ಕನಿಯಲ್ಲಿ ಒಣಗಲು ಹಾಕಿದ ಒಂದು ಚಾದರ ಬಿಟ್ಟರೆ ಏನೂ ಇರಲಿಲ್ಲ. "ಅಲ್ಲಿ ಯಾರೂ ಇಲ್ಲ ಅಣ್ಣ" ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ, ನೀನು ಹೇಳಿದ ಮೇಲೆ ಇಲ್ಲ ಬಿಡು ಎಂದ. ನನ್ನ ಮಾತು ಅಂದರೆ ಅವನಿಗೆ ಅಷ್ಟು. ಆ ವರ್ಷವೇ ನಾನು ಪುಸ್ತಕ ಕಟ್ಟಿಟ್ಟು ಗ್ಯಾರೇಜಿಗೆ ಸೇರಿದೆ. ಅಪ್ಪ ಎಂಬವನು ಅದಕ್ಕೂ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೋದವನು ವಾಪಸ್ ಬಂದಿರಲಿಲ್ಲ.

ಮನಸ್ಸಿನ ಡಾಕ್ಟರು ಅಣ್ಣನಿಗೆ ಹನಿ ಔಷಧಿ ಕೊಟ್ಟಿದ್ದರು. ಕದ್ದುಮುಚ್ಚಿ ಕೊಡಬೇಡಿ, ಅವನಿಗೆ ಹೇಳಿಯೇ ಕೊಡಿ ಎಂದಿದ್ದರು. ಅಮ್ಮ ಹಾಗೇ ಮಾಡುತ್ತಿದ್ದಳು. ಬೆಳಿಗ್ಗೆ ಲಾಂಡ್ರಿಗೆ ಇಸ್ತ್ರಿ ಕೆಲಸಕ್ಕೆ ಹೊರಡುವ ಮುಂಚೆ ಅವನನ್ನು ಎದುರಿಗೆ ಕೂರಿಸಿಕೊಂಡು, ಚಮಚವನ್ನು ಬೆಳಕಿಗೆ ಹಿಡಿದು, ಒಂದು, ಎರಡು, ಮೂರು ಎಂದು ಬಾಯಿಬಿಟ್ಟು ಎಣಿಸುತ್ತಿದ್ದಳು. ಅವನೂ ಜೊತೆಗೆ ಎಣಿಸುತ್ತಿದ್ದ. ಎಣಿಕೆ ತಪ್ಪಿದರೆ ಚೆಲ್ಲಿ ಮತ್ತೆ ಶುರು. ಇಷ್ಟು ದೊಡ್ಡ ಗಂಡಸು ಮಗ್ಗಿ ಹೇಳುವ ಹಾಗೆ ಹನಿ ಎಣಿಸುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ರಾತ್ರಿ ಊಟವಾದ ಮೇಲೂ ಅದೇ.

ಔಷಧಿಯಿಂದ ಅವನ ಕೈ ನಡುಗತೊಡಗಿತು, ಬೋರ್ಡು ಬರೆಯುವುದು ನಿಂತಿತು. ಎದುರು ಮನೆಯವರ ಮಾತು ಮಾತ್ರ ಪೂರ್ತಿ ನಿಲ್ಲಲಿಲ್ಲ. ಸಂಜೆಯಾದರೆ ಅವನು ಬಾಗಿಲಿಗೂ ಕಿಟಕಿಗೂ ನಡುವೆ ನೂರು ಸಲ ಓಡಾಡುತ್ತಿದ್ದ. ನಾನು ಕೆಲಸ ಮುಗಿಸಿ ಬರುವುದು ಐದೂವರೆಗೆ, ಅಮ್ಮ ಬರುವುದು ಏಳಕ್ಕೆ. ನಡುವಿನ ಆ ಹೊತ್ತು ನನ್ನದು ಮತ್ತು ಅವನದು. ಟೀ ಮಾಡುವುದು ನಾನು.

ಇಷ್ಟಾದರೂ ಎಲ್ಲ ಹೇಗೋ ನಡೆಯುತ್ತಿತ್ತು. ಕೆಟ್ಟದ್ದು ಒಂದು ಬಿಳಿ ಕಾರಿನಿಂದ.

ಆ ಕಾರಿನ ಎಡಬಾಗಿಲಿಗೆ ಕೊನೆಯ ಕೋಟ್ ಹೊಡೆದು, ಕನ್ನಡಿಯ ಹಾಗೆ ಬಂದಿದೆ ಎಂದು ಎರಡು ಹೆಜ್ಜೆ ಹಿಂದೆ ನಿಂತು ಮೆಚ್ಚಿಕೊಂಡು, ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಎಲ್ಲರೂ ಕಾರಿನ ಸುತ್ತ ನಿಂತಿದ್ದರು. ನಡುವೆ ಅಣ್ಣ, ತೋರುಬೆರಳೆಲ್ಲ ಬಿಳಿ. ಹಸಿ ಬಣ್ಣದ ಮೇಲೆ ಬೆರಳಿನಲ್ಲಿ ಬರೆದಿದ್ದ: ಒಣಗಿಲ್ಲ, ಮುಟ್ಟಬೇಡಿ. ಎಂಥ ಅಕ್ಷರ ಎನ್ನುತ್ತೀರಿ. ಒತ್ತು, ಕೊಂಬು ಎಲ್ಲ ಅಚ್ಚು ಹಾಕಿದ ಹಾಗೆ. ನನಗೆ ಸಹಾಯ ಮಾಡಲು ಬಂದಿದ್ದನಂತೆ. ಯಾರೋ ಬಂದು ಮುಟ್ಟಿಬಿಟ್ಟರೆ ಎಂದು ಹೆದರಿಕೆಯಾಯಿತಂತೆ.

ಮೇಸ್ತ್ರಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. "ನಿಮ್ಮಣ್ಣ ಒಳ್ಳೆ ಬೋರ್ಡೇ ಹಾಕಿದಾನಪ್ಪ, ಹಾಗೇ ಡೆಲಿವರಿ ಕೊಟ್ಬಿಡೋಣ" ಎಂದರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಅವನು ನಕ್ಕಿದ್ದನ್ನು ಕಂಡು ನನ್ನ ರಕ್ತ ನೆತ್ತಿಗೇರಿತು. ಅವನ ರಟ್ಟೆ ಹಿಡಿದು ಬೀದಿಯುದ್ದಕ್ಕೂ ಎಳೆದುಕೊಂಡು ಮನೆಗೆ ತಂದೆ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ವಾಪಸ್ ಹೋಗಿ ಕಾರಿನ ಇಡೀ ಬಾಗಿಲನ್ನು ಉಜ್ಜಿ ಮತ್ತೆ ಮೊದಲಿನಿಂದ ಹೊಡೆದೆ. ಉಜ್ಜುವಾಗ ಆ ಅಕ್ಷರಗಳು ಒಂದೊಂದಾಗಿ ಹೋದವು. ಅಂದಿನಿಂದ ಗ್ಯಾರೇಜಿನಲ್ಲಿ ನನ್ನ ಹೆಸರು "ಮುಟ್ಟಬೇಡಿ" ಎಂದಾಯಿತು. ಮುಟ್ಟಬೇಡಿ, ಆ ಸ್ಪ್ಯಾನರ್ ಕೊಡು. ಮುಟ್ಟಬೇಡಿ, ಟೀ ಬಂತು.

ಆ ವಾರ ಹಳೆಯ ಚೀಟಿ ತೋರಿಸಿ ಬೇರೆ ಔಷಧಿ ಅಂಗಡಿಯಲ್ಲಿ ಅದೇ ಹನಿಯ ಇನ್ನೊಂದು ಬಾಟಲಿ ತಂದೆ. ನನ್ನ ಕೆಲಸದ ಚೀಲದಲ್ಲಿ ಸ್ಯಾಂಡ್‌ಪೇಪರಿನ ಅಡಿಗೆ ಇಟ್ಟುಕೊಂಡೆ. ಸಂಜೆ ಅಣ್ಣನ ಟೀ ಲೋಟದ ಮೇಲೆ ಬಾಟಲಿ ಬಗ್ಗಿಸಿದೆ. ಎಣಿಸಲಿಲ್ಲ. ನಾನು ಯಾವಾಗ ಎಣಿಸಿದ್ದೇನೆ?

ಅರ್ಧ ಗಂಟೆಯಲ್ಲಿ ಅವನು ಚಾಪೆಯ ಮೇಲೆ ಮಲಗಿದ. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು, ಅದಕ್ಕೆ ಸದ್ದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕಾಲು ಚಾಚಿ ಕೂತು ನನ್ನ ಟೀಯನ್ನು ಬಿಸಿಯಿದ್ದಾಗಲೇ ಕುಡಿದೆ. ಅಮ್ಮ ಬಂದು ಬಾಗಿಲಲ್ಲೇ ನಿಂತು, ಮಲಗಿದ್ದಾನಾ ಎಂದು ಪಿಸುಗುಟ್ಟಿದಳು. ಅವಳ ಮುಖ ಹಗುರಾದದ್ದನ್ನು ನೋಡಿ ನಾನು ಮಾಡಿದ್ದು ಸರಿ ಎಂದುಕೊಂಡೆ. ಆಮೇಲೆ ಅದು ದಿನದ ಕೆಲಸವಾಯಿತು. ಅವನು ಹೆಚ್ಚು ಓಡಾಡಿದ ದಿನ ಸ್ವಲ್ಪ ಹೆಚ್ಚು. ಒಣಗದಿದ್ದರೆ ಇನ್ನೊಂದಿಷ್ಟು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಅಣ್ಣ ಲೋಟ ಕೆಳಗಿಟ್ಟು, ಟೀ ಕಹಿ ಎಂದ. ಟೀ ಸೊಪ್ಪು ಜಾಸ್ತಿಯಾಗಿದೆ ಎಂದೆ. ಮರುದಿನ ಸಕ್ಕರೆ ಜಾಸ್ತಿ ಹಾಕಿದೆ. ಅವನು ಒಂದು ಗುಟುಕು ಕುಡಿದು ನನ್ನ ಕೈಯನ್ನು ನೋಡಿದ. ಆಮೇಲೆ ಕುಡಿದ. ನಾನು ಕೊಟ್ಟದ್ದೆಂದು ಕುಡಿದ.

ತಿಂಗಳ ಕೊನೆಗೆ ಮನಸ್ಸಿನ ಡಾಕ್ಟರ ಬಳಿ ಹೋದಾಗ ಅವನು ಅಲ್ಲಿ ಹೇಳಿಬಿಟ್ಟ. ನನ್ನ ಟೀಗೆ ಏನೋ ಹಾಕ್ತಾರೆ, ಕುಡಿದ ಮೇಲೆ ಎದೆ ಒಂದು ಬಡಿತ ಬಿಟ್ಟು ಬಿಟ್ಟು ಹೊಡೆಯುತ್ತೆ ಎಂದ. ಡಾಕ್ಟರು ಯಾರು ಹಾಕುತ್ತಾರೆ ಎಂದು ಕೇಳಿದರು. ಅಣ್ಣ ನನ್ನತ್ತ ನೋಡಲೂ ಇಲ್ಲ, ಗೊತ್ತಿಲ್ಲ ಎಂದ. ಆಗ ಡಾಕ್ಟರು ನನ್ನ ಕಡೆ ತಿರುಗಿದರು.

ಅಲ್ಲೇ ಹೇಳಬಹುದಿತ್ತು. ಬಾಗಿಲು ಮುಚ್ಚಿತ್ತು, ಅಮ್ಮ ಹೊರಗೆ ಬೆಂಚಿನ ಮೇಲಿದ್ದಳು. ನಾನು ನಕ್ಕೆ. ಗ್ಯಾರೇಜಿನವರು ನಗುವ ಹಾಗೆ ನಕ್ಕು, "ಅವನು ಹಾಗೇ ಸಾರ್, ಮೊದಲು ಎದುರು ಮನೆಯವ್ರು, ಈಗ ಟೀ" ಎಂದೆ.

ಅವರು ತಲೆಯಾಡಿಸಿ ಬರೆದುಕೊಂಡರು. ಸಂಶಯ ಹೆಚ್ಚಾಗಿದೆ ಎಂದರು. ಎದೆಯ ಮಾತಿಗೆ, ಮುಂದಿನ ಸಲ ಬರುವಾಗ ಒಂದು ಇಸಿಜಿ ಮಾಡಿಸಿಕೊಂಡು ಬನ್ನಿ ಎಂದರು. ಅಮ್ಮ ಎಣಿಸುವ ಹನಿಗಳನ್ನು ಹೆಚ್ಚಿಸಿ ಹೊಸ ಚೀಟಿ ಕೊಟ್ಟರು. ಅಂದರೆ ಅಣ್ಣ ನಿಜ ಹೇಳಿದ್ದಕ್ಕೆ ಅವನ ಔಷಧಿ ಹೆಚ್ಚಾಯಿತು. ದಾರಿಯಲ್ಲಿ ಅವನು ನನ್ನ ಜೊತೆಗೇ ನಡೆದ, ರಸ್ತೆ ದಾಟುವಾಗ ಚಿಕ್ಕಂದಿನ ಹಾಗೆ ನನ್ನ ಮೊಣಕೈ ಹಿಡಿದುಕೊಂಡ. ನಾನು ಅಂದು ಸಂಜೆಯೂ ಹಾಕಿದೆ. ನಿಲ್ಲಿಸಿದರೆ ಅವನು ಮತ್ತೆ ಓಡಾಡುತ್ತಾನೆ, ಆಗ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಭಯ. ಎಂಥ ತಲೆ ನೋಡಿ ನನ್ನದು.

ಒಂದು ಭಾನುವಾರ ಮಧ್ಯಾಹ್ನ ಬಚ್ಚಲಿನಲ್ಲಿ ಬಕೆಟ್ ಉರುಳಿದ ಸದ್ದಾಯಿತು. ಅಣ್ಣ ಗೋಡೆಗೆ ಒರಗಿ ಬಿದ್ದಿದ್ದ. ತುಟಿ ಬೂದಿಯ ಬಣ್ಣ. ಅಮ್ಮ ಕೂಗುತ್ತಿದ್ದಳು, ನಾನು ಅವನನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ನನ್ನ ಬೆನ್ನಿಗೆ ಅವನ ಎದೆ ತಾಗುತ್ತಿತ್ತು. ಟಕ್, ಟಕ್, ಆಮೇಲೆ ಏನೂ ಇಲ್ಲ, ಆಮೇಲೆ ಒಟ್ಟಿಗೇ ನಾಲ್ಕೈದು. ಕೆಟ್ಟ ಎಂಜಿನ್ನಿನ ಸದ್ದು ಕೇಳಿ ಅಭ್ಯಾಸವಿರುವ ಕಿವಿ ನನ್ನದು. ಅದು ಕೇಳುವ ಹಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಅವನ ಎದೆಗೆ ವೈರುಗಳನ್ನು ಅಂಟಿಸಿ ಕಾಗದದ ಪಟ್ಟಿ ತೆಗೆದರು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ನನಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು, ಅಷ್ಟೇ. ಆ ಪಟ್ಟಿಯನ್ನು ನೋಡುತ್ತಲೇ, ಏನು ಔಷಧಿ ತಗೋತಾರೆ ಎಂದು ಕೇಳಿದರು. ಅಮ್ಮ ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿ ಕೊಟ್ಟಳು. ಅಷ್ಟರಲ್ಲಿ ಎದೆಬಡಿತ ತೋರಿಸುವ ಯಂತ್ರದ ಪರದೆಯ ಮೇಲಿನ ಗೆರೆ ಹುಚ್ಚು ಹಿಡಿದಂತೆ ಎದ್ದಿತು. ಒಮ್ಮೆ ದಪ್ಪ, ಒಮ್ಮೆ ಸಣ್ಣ, ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಓಡಿತು. ಯಂತ್ರದ ಗಂಟೆ ಬಡಿಯಿತು. ನಮ್ಮನ್ನು ಹೊರಗೆ ತಳ್ಳಿದರು. ಬಾಗಿಲ ಗಾಜಿನಲ್ಲಿ ಅಣ್ಣನ ಮೈ ಮಂಚದಿಂದ ಒಮ್ಮೆ ಮೇಲೆ ಹಾರಿ ಬಿದ್ದದ್ದು ಕಂಡಿತು. ಕರೆಂಟು ಕೊಟ್ಟರು. ಅಮ್ಮ ನೋಡಬಾರದೆಂದು ಅವಳ ತಲೆಯನ್ನು ನನ್ನ ಎದೆಗೆ ಒತ್ತಿಕೊಂಡೆ. ಅವಳಿಗೆ ಮಗ ಎಷ್ಟು ಒಳ್ಳೆಯವನು ಅನಿಸಿರಬೇಕು.

ಒಂದು ಗಂಟೆಯ ನಂತರ ಡಾಕ್ಟರಮ್ಮ ಹೊರಗೆ ಬಂದರು. ಸದ್ಯಕ್ಕೆ ಹತೋಟಿಗೆ ಬಂದಿದೆ, ರಕ್ತನಾಳದಲ್ಲಿ ಔಷಧಿ ಹೋಗುತ್ತಿದೆ ಎಂದರು. ಹೃದಯ ಒಂದು ಸಲ ಬಡಿದ ಮೇಲೆ ಮುಂದಿನ ಬಡಿತಕ್ಕೆ ಸಜ್ಜಾಗಲು ಒಂದಿಷ್ಟು ಹೊತ್ತು ಬೇಕು, ಇವರಲ್ಲಿ ಆ ಹೊತ್ತು ಎಳೆದುಕೊಂಡು ಉದ್ದವಾಗಿದೆ, ಅದು ಮುಗಿಯುವ ಮೊದಲೇ ಇನ್ನೊಂದು ಬಡಿತ ಬಿದ್ದರೆ ಲಯ ಕೆಡುತ್ತದೆ ಎಂದು ತಿಳಿಸಿ ಹೇಳಿದರು. ಅಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಮೊದಲ ಕೋಟ್ ಒಣಗುವ ಮುಂಚೆ ಎರಡನೆಯದು ಹೊಡೆದರೆ ಬಣ್ಣ ಸುಕ್ಕುಗಟ್ಟಿ ಮೇಲೆದ್ದು ಬರುತ್ತದೆ.

"ಈ ಔಷಧಿ ಅತಿಯಾದ್ರೆ ಹೀಗಾಗತ್ತೆ" ಎಂದರು ಅವರು. "ಚೀಟಿಯಲ್ಲಿರೋ ಅಳತೆಗೆ ಇಷ್ಟಾಗೋದು ಅಪರೂಪ. ಬಾಟ್ಲಿ ಎತ್ತಿ ಕುಡಿದ್ರಾ?"

ಅಮ್ಮ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಮೇಡಂ, ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ, ಅವನೊಬ್ಬನೇ ಇರ್ತಾನೆ ಎಂದೆ. ಒಂದೊಂದು ಮಾತೂ ನಿಜ. ಸೇರಿಸಿದರೆ ಸುಳ್ಳು.

ಆ ಸುಳ್ಳಿನ ಮೇಲೆ ಎಲ್ಲ ಕಟ್ಟತೊಡಗಿದರು. ಸಾಯಲು ಕುಡಿದವನು ಎಂದು ಮಂಚದ ಪಕ್ಕದಿಂದ ಗಾಜಿನ ಲೋಟ ತೆಗೆದರು. ಅವನ ಪೈಜಾಮದ ಲಾಡಿ ಎಳೆದು ತೆಗೆದರು. ಅಮ್ಮ ಅವನ ಕಾಲಬಳಿ ಕೂತು, ನಾನು ನಿನಗೆ ಏನು ಕಡಿಮೆ ಮಾಡಿದ್ದೆ, ಯಾಕಪ್ಪ ಹೀಗೆ ಮಾಡಿಕೊಂಡೆ ಎಂದು ಕೇಳಿದ್ದನ್ನೇ ಕೇಳುತ್ತಿದ್ದಳು. ಅಣ್ಣ ಪ್ರತಿ ಸಲವೂ, ನಾನು ಕುಡಿದಿಲ್ಲ ಅಮ್ಮ ಎನ್ನುತ್ತಿದ್ದ. ಲಾಡಿಯಿಲ್ಲದ ಪೈಜಾಮವನ್ನು ನಡುಗುವ ಕೈಯಲ್ಲಿ ಹಿಡಿದುಕೊಂಡು ಹೇಳುತ್ತಿದ್ದ. ಸಿಸ್ಟರ್ ಒಬ್ಬರು, ಎಲ್ಲರೂ ಹಾಗೇ ಅನ್ನೋದು ಎಂದು ನನಗೆ ಕಣ್ಣು ಮಿಟುಕಿಸಿ ಹೋದರು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಮುಂದಿನದನ್ನು ವಿವರಿಸಿದರು. ಒಂದೇ ಸಲ ಕುಡಿದದ್ದಾದರೆ ದೇಹದಿಂದ ಬೇಗ ಇಳಿಯುತ್ತದೆ. ಪಟ್ಟಿ ಸರಿಯಾಗಿ ಬಂದರೆ ವೈರುಗಳನ್ನು ತೆಗೆದು ಮನಸ್ಸಿನ ಆಸ್ಪತ್ರೆಯ ಬೀಗದ ವಾರ್ಡಿಗೆ ಕಳಿಸುತ್ತಾರೆ. ಅಲ್ಲಿ ಚೀಟಿಯಲ್ಲಿದ್ದ ಅಳತೆಗೇ ಔಷಧಿಯನ್ನು ಮತ್ತೆ ಶುರು ಮಾಡುವ ಮಾತಿದೆ. ಇಷ್ಟು ಹೇಳಿ ಅವರು ಫೈಲ್ ಮುಚ್ಚಿದರು.

ಚೀಟಿಯಲ್ಲಿದ್ದದ್ದು ಹೆಚ್ಚಿಸಿದ ಅಳತೆ. ಅದು ಹೆಚ್ಚಿದ್ದು ನನ್ನ ನಗುವಿನಿಂದ. ನನ್ನದು ಒಂದೇ ಸಲದ್ದಲ್ಲ, ಒಂದೂವರೆ ತಿಂಗಳಿನದ್ದು. ವೈರು ತೆಗೆದ ಮೇಲೆ ಗೆರೆ ಮತ್ತೆ ಹಗ್ಗವಾದರೆ ಗಂಟೆ ಬಡಿಯುವುದಿಲ್ಲ, ಯಾರೂ ಓಡಿ ಬರುವುದಿಲ್ಲ. ಇದು ನನಗೆ ಅಲ್ಲಿ ನಿಂತ ನಿಲುವಿನಲ್ಲೇ ಹೊಳೆಯಿತು. ಹೊಳೆದ ಮೇಲೂ ಕಾರಿಡಾರಿನ ಕೊನೆಯವರೆಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದೆ. ಔಷಧಿ ಅಂಗಡಿಯವನ ಮೇಲೆ ಸಿಟ್ಟು ಬಂತು, ಹಳೆಯ ಚೀಟಿಗೆ ಹೇಗೆ ಕೊಟ್ಟ? ಮನಸ್ಸಿನ ಡಾಕ್ಟರ ಮೇಲೆ ಬಂತು, ಇಸಿಜಿ ಅಂದೇ ಯಾಕೆ ಮಾಡಿಸಲಿಲ್ಲ? ಮೇಸ್ತ್ರಿಯ ಮೇಲೆ, ನಕ್ಕವರ ಮೇಲೆ, ಚಪ್ಪಲಿ ಮೆಟ್ಟಿಕೊಂಡು ಹೋದವನ ಮೇಲೆ. ಸಿಟ್ಟು ನನಗೆ ಯಾವಾಗಲೂ ಕೈಗೆಟುಕುವಲ್ಲೇ ಇರುತ್ತದೆ. ಅಂದು ಅದು ಎಲ್ಲರನ್ನೂ ಸುತ್ತಿ ಬಂದು ನನ್ನ ಕಾಲಬಳಿಯೇ ಕೂತಿತು. ನನ್ನ ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಇನ್ನೂ ಇತ್ತು.

ವಾಪಸ್ ಹೋಗಿ, ಅಮ್ಮ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಇದ್ದಾಗಲೇ, ಡಾಕ್ಟರಮ್ಮನಿಗೆ ಹೇಳಿದೆ.

"ಅವನು ಕುಡಿದಿಲ್ಲ ಮೇಡಂ. ನಾನು ಹಾಕಿದ್ದು. ಸಂಜೆ ಟೀಗೆ, ಒಂದೂವರೆ ತಿಂಗಳಿಂದ. ಅಮ್ಮ ಕೊಡೋದು ಬೇರೆ, ಇದು ಬೇರೆ."

"ದಿನಾ ಎಷ್ಟು ಹನಿ?"

"ಎಣಿಸಿಲ್ಲ."

ಅವರು ಬೈಯುತ್ತಾರೆ ಎಂದು ಕಾದೆ. ಓದಿದವರು ಬೈದರೆ ತಿರುಗಿ ಬೈಯಲು ನನ್ನ ಹತ್ತಿರ ಮಾತುಗಳ ಮೂಟೆಯೇ ಇರುತ್ತದೆ. ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೂತು, ಯಾವತ್ತು ಶುರುವಾಯಿತು, ಎಷ್ಟು ಬಾಟಲಿ ಮುಗಿಯಿತು, ಕೊನೆಯದು ಯಾವತ್ತು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ರಾತ್ರಿ ಮನೆಗೆ ಹೋಗಿ ತಂದಿದ್ದ ಕೆಲಸದ ಚೀಲದಿಂದ ಬಾಟಲಿಯನ್ನು ತೆಗೆದು ಕೊಟ್ಟೆ. ಲೇಬಲ್ಲಿಗೆ ಕಾರಿನ ತಗ್ಗು ತುಂಬುವ ಪುಟ್ಟಿ ಮೆತ್ತಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ, ವೈರು ತೆಗೆಯಬೇಡಿ, ಎಲ್ಲೂ ಕಳಿಸಬೇಡಿ ಎಂದು ಸಿಸ್ಟರಿಗೆ ಹೇಳಿದರು. ಇದನ್ನು ನಾನು ಬರೆದೇ ಇಡಬೇಕು, ಮುಂದೆ ನಿಮ್ಮನ್ನು ಕೇಳುವವರು ಬರಬಹುದು ಎಂದು ನನಗೆ ಹೇಳಿದರು. ಬರಲಿ ಎಂದೆ. ಹೋಗುವಾಗ, "ಈಗ್ಲಾದ್ರೂ ಹೇಳಿದ್ರಲ್ಲ" ಎಂದರು. ಆ ಮೆಚ್ಚುಗೆಗಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಅಮ್ಮ ಬೆಂಚಿನಿಂದ ಏಳಲಿಲ್ಲ. ಬಹಳ ಹೊತ್ತು ತನ್ನ ಬಲಗೈಯನ್ನು ನೋಡಿಕೊಂಡಳು, ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಕಾಯಿ ಕಟ್ಟಿದ ಕೈ.

"ಸಂಜೆ ಬಂದ್ರೆ ಅವನು ಮಲಗಿರ್ತಿದ್ದ" ಎಂದಳು. "ನನಗೂ ಹಾಯ್ ಅನಿಸ್ತಿತ್ತು. ಯಾಕೆ ಇಷ್ಟು ಮಲಗ್ತಾನೆ ಅಂತ ಒಂದು ದಿನಾನೂ ಕೇಳ್ಲಿಲ್ಲ ನಾನು."

ಆಮೇಲೆ, ಅವನಿಗೆ ನೀನೇ ಹೇಳು, ನನ್ನ ಬಾಯಲ್ಲಿ ಬರಲ್ಲ ಎಂದಳು.

ಅಣ್ಣ ಎಚ್ಚರವಾಗಿದ್ದ. ತಲೆಯ ಮೇಲಿನ ಪರದೆಯಲ್ಲಿ ಹಸಿರು ಗೆರೆ ಒಂದರ ಹಿಂದೆ ಒಂದು ಅಕ್ಷರ ಬರೆದ ಹಾಗೆ ಹೋಗುತ್ತಿತ್ತು. ಹತ್ತಿರ ಸ್ಟೂಲ್ ಎಳೆದುಕೊಂಡು ಹೇಳಿದೆ. ಬಿಳಿ ಕಾರಿನಿಂದ ಹಿಡಿದು ಬಾಟಲಿಯವರೆಗೆ, ಡಾಕ್ಟರ ಮುಂದೆ ನಕ್ಕದ್ದನ್ನೂ ಸೇರಿಸಿ ಹೇಳಿದೆ. ಮುಗಿದ ಮೇಲೆ ಅವನು ನಿಧಾನವಾಗಿ ಉಸಿರು ಬಿಟ್ಟ.

"ಹಾಗಾದ್ರೆ ಕಹಿ ಇತ್ತು."

"ಇತ್ತು ಅಣ್ಣ."

"ನಾನು ಸರಿಯಾಗೇ ಹೇಳಿದ್ದೆ."

"ಹೂಂ."

ಅವನ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಂದದ್ದು ಒಂದು ಬಗೆಯ ನೆಮ್ಮದಿ. ಏಳು ವರ್ಷದಲ್ಲಿ ಮೊದಲ ಸಲ ಅವನು ಹೇಳಿದ್ದೊಂದು ನಿಜವಾಗಿತ್ತು. ಅದನ್ನು ಅವನು ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದ ಹಾಗಿತ್ತು. ಆಮೇಲೆ ಹುಬ್ಬು ಗಂಟಿಕ್ಕಿತು. ಕತ್ತು ನನ್ನ ಕಡೆ ತಿರುಗಿತು.

"ಎದುರು ಮನೆಯವ್ರು? ಅದೂ ನಿಜಾನಾ?"

"ಇಲ್ಲ ಅಣ್ಣ" ಎಂದೆ. "ಅದಿಲ್ಲ. ಅಲ್ಲಿ ಯಾರೂ ಇಲ್ಲ, ನಾನೇ ನೋಡಿದೀನಿ."

"ಟೀಗೂ ನೀನು ಹೀಗೇ ಇಲ್ಲ ಅಂದಿದ್ದೆ."

ಆ ಬಾಲ್ಕನಿಯಲ್ಲಿ ನಿಜವಾಗಿಯೂ ಯಾರೂ ಇಲ್ಲ. ಇದನ್ನು ಅವನು ನಂಬುವ ಹಾಗೆ ಹೇಳಬಲ್ಲವನು ಈ ಲೋಕದಲ್ಲಿ ಒಬ್ಬನೇ ಇದ್ದ, ಅವನನ್ನು ನಾನು ಟೀ ಲೋಟದಲ್ಲಿ ಕಲಕಿ ಮುಗಿಸಿದ್ದೆ.

ನಾಲ್ಕು ಗಂಟೆಗೆ ಆಸ್ಪತ್ರೆಯ ಟೀ ಬಂತು. ಕಾಗದದ ಲೋಟ. ಸಿಸ್ಟರ್ ಅದನ್ನು ನನ್ನ ಕೈಗೆ ಕೊಟ್ಟು, ಕುಡಿಸಿ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ನಾನು ಅಣ್ಣನ ಕಡೆ ಚಾಚಿದೆ. ಅವನು ಲೋಟವನ್ನು ನೋಡಿದ, ನನ್ನ ಕೈಯನ್ನು ನೋಡಿದ, ವೈರುಗಳಿದ್ದ ಕೈಯಿಂದ ಅದನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದ.

"ಮೊದ್ಲು ನೀನು ಕುಡಿ."

ಕುಡಿದೆ. ಅವನು ಪರದೆ ನೋಡುವ ಹಾಗೆ ನನ್ನ ಗಂಟಲನ್ನೇ ನೋಡುತ್ತ, ತುಟಿಯೊಳಗೇ ಎಣಿಸುತ್ತಿದ್ದ. ಒಂದು ಗುಟುಕು. ಎರಡು. ಮೂರು.